ಹೊಳೆ ನೀರಿನ ಗುಣಮಟ್ಟ ವರ್ಷಗಟ್ಟಲೆ ಅಳೆಯೋದು ಹೇಗೆ: ಶುರು ಮಾಡೋರಿಗೆ ಒಂದು ಮಾರ್ಗದರ್ಶಿ

ನದಿ, ಹಳ್ಳ, ಕೆರೆ, ಕಾಲುವೆ ಯಾವುದೇ ಇರ್ಲಿ, ಒಂದು ಸಲ ನೀರು ತಗೊಂಡೋಗಿ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದ್ರೆ ಸಿಗೋದು ಆ ದಿನದ, ಆ ಗಂಟೆಯ ಲೆಕ್ಕ ಅಷ್ಟೆ. ನೀರು ಹಾಳಾಗ್ತಿದ್ಯಾ ಸುಧಾರಿಸ್ತಿದ್ಯಾ, ಮೇಲ್ಗಡೆ ಕಟ್ಟಿದ ಟ್ರೀಟ್‌ಮೆಂಟ್ ಪ್ಲಾಂಟ್ ನಿಜವಾಗ್ಲೂ ಕೆಲಸ ಮಾಡ್ತಿದ್ಯಾ, ಹೊಲದ ಗೊಬ್ಬರ ಎಷ್ಟು ಹರಿದು ಬರ್ತಿದೆ ಅನ್ನೋದು ಗೊತ್ತಾಗ್ಬೇಕು ಅಂದ್ರೆ ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ, ವರ್ಷಗಟ್ಟಲೆ ಅಳೀಬೇಕು, ಬೇರೆ ದಾರಿ ಇಲ್ಲ. ದುಬಾರಿ ಮೀಟರ್ ಇಲ್ದೇ ಇದ್ರೂ ನಡೆಯುತ್ತೆ, ಆದ್ರೆ ವಿಧಾನ ಪದೇಪದೇ ಬದ್ಲಾದ್ರೆ ಎಷ್ಟೇ ಒಳ್ಳೆ ಮೀಟರ್ ಇದ್ರೂ ಆ ಡೇಟಾ ಉಪಯೋಗಕ್ಕೆ ಬರಲ್ಲ. ಈ ಲೇಖನದ ಮುಖ್ಯ ಮಾತು ಇದೇ, ಕೆಳಗಿರೋ ಹಂತಗಳೆಲ್ಲ ಇದನ್ನ ಸಾಧಿಸೋದು ಹೇಗೆ ಅನ್ನೋದ್ರ ಬಗ್ಗೆ.

ಇಷ್ಟು ವರ್ಷ ಯಾಕೆ ಬೇಕು ಅಂತ ಕೇಳೋರಿಗೆ ಅಮೆರಿಕದ ಸಿಯಾಟಲ್ ನಗರದ ಪಕ್ಕ ಇರೋ ಲೇಕ್ ವಾಷಿಂಗ್ಟನ್ ಒಳ್ಳೆ ಉದಾಹರಣೆ. ಅಲ್ಲಿಗೆ ಒಳಚರಂಡಿ ನೀರು ಸೇರಿ ಸೇರಿ 1950ರ ದಶಕದಲ್ಲಿ ಪಾಚಿ ಜಾಸ್ತಿ ಆಯ್ತು, ಡಬ್ಲ್ಯೂ. ಟಿ. ಎಡ್ಮಂಡ್ಸನ್ ಅನ್ನೋ ವಿಜ್ಞಾನಿ ಇದಕ್ಕೆ ಫಾಸ್ಫರಸ್ ಕಾರಣ ಅಂತ ತೋರಿಸಿದ್ರು, 1963ರಿಂದ 1968ರ ಒಳಗೆ ಆ ಒಳಚರಂಡಿ ನೀರನ್ನ ಬೇರೆ ಕಡೆಗೆ ತಿರುಗಿಸಿದ್ರು, ಕೆರೆ ತಿಳಿಯಾಗ್ತಾ ಬಂತು. ಅಲ್ಲಿಗೆ ಅಳೆಯೋದು ನಿಲ್ಲಿಸಿದ್ರೆ ಕತೆ ಮುಗೀತಿತ್ತು, ಆದ್ರೆ ಅವರು ನಿಲ್ಲಿಸಲಿಲ್ಲ. 1976ರಲ್ಲಿ ನೀರು ಇದ್ದಕ್ಕಿದ್ದ ಹಾಗೆ ಇನ್ನೂ ತಿಳಿಯಾಯ್ತು, ಈ ಸಲ ಕಾರಣ ಫಾಸ್ಫರಸ್ ಅಲ್ಲ, ಪಾಚಿ ತಿನ್ನೋ ಡ್ಯಾಫ್ನಿಯಾ ಅನ್ನೋ ಚಿಕ್ಕ ಜೀವಿ ಕೆರೇಲಿ ಹೆಚ್ಚಾಗಿದ್ದು. ಹಿಂದಿನ ಅಷ್ಟೂ ವರ್ಷದ ದಾಖಲೆ ಇದ್ದಿದ್ದಕ್ಕೇ ಈ ಎರಡು ಕಾರಣಗಳನ್ನ ಬೇರೆ ಬೇರೆ ಮಾಡಿ ನೋಡೋಕೆ ಆಗಿದ್ದು.

ಹಂತ 1: ಪ್ರಶ್ನೆ ಏನು ಅಂತ ಮೊದ್ಲು ಬರ್ಕೊಳ್ಳಿ

ಮೀಟರ್ ಕೊಳ್ಳೋಕೆ ಮುಂಚೆ ಒಂದು ಹಾಳೆ ತಗೊಂಡು ಈ ಡೇಟಾದಿಂದ ನಿಮಗೆ ಏನು ಗೊತ್ತಾಗ್ಬೇಕು ಅಂತ ಎರಡು ಮೂರು ವಾಕ್ಯದಲ್ಲಿ ಬರೀರಿ. "ನೀರು ಹೇಗಿದೆ ನೋಡೋಣ" ಅನ್ನೋದು ಪ್ರಶ್ನೆ ಅಲ್ಲ. "ಊರಿನ ಚರಂಡಿ ಸೇರೋ ಜಾಗದಿಂದ ಕೆಳಗೆ ಆಮ್ಲಜನಕ ಎಷ್ಟು ಇಳಿಯುತ್ತೆ, ಅದು ವರ್ಷದಿಂದ ವರ್ಷಕ್ಕೆ ಬದ್ಲಾಗ್ತಿದ್ಯಾ" ಅನ್ನೋದು ಪ್ರಶ್ನೆ. ಇದ್ರಿಂದ ಜಾಗ, ಏನೇನು ಅಳೀಬೇಕು, ಎಷ್ಟು ಸಲ ಹೋಗ್ಬೇಕು ಎಲ್ಲ ತಾನಾಗೇ ತೀರ್ಮಾನ ಆಗುತ್ತೆ. ಜೊತೆಗೆ ಈ ಡೇಟಾ ಯಾರು ನೋಡ್ತಾರೆ ಅನ್ನೋದೂ ಬರೀರಿ, ಸ್ಥಳೀಯ ಆಡಳಿತಕ್ಕೆ ಕೊಡೋದಾದ್ರೆ ಅವರು ಒಪ್ಪೋ ವಿಧಾನ ಯಾವುದು ಅಂತ ಶುರುವಲ್ಲೇ ಕೇಳಿ, ಐದು ವರ್ಷ ಆದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಹಂತ 2: ಜಾಗ ಆರಿಸೋದು

ಕನಿಷ್ಠ ಎರಡು ಜಾಗ ಬೇಕು, ನೀವು ಅನುಮಾನ ಪಡ್ತಿರೋ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಮೇಲಿನ ಜಾಗದ ಅಳತೆ ಇಲ್ದೇ ಇದ್ರೆ ಕೆಳಗಿನ ಅಳತೆಗೆ ಅರ್ಥನೇ ಇಲ್ಲ, ಯಾಕಂದ್ರೆ ಗಲೀಜು ಇನ್ನೂ ಮೇಲಿಂದಲೇ ಬರ್ತಿರಬಹುದು.

ಇಲ್ಲಿ ತುಂಬಾ ಜನ ಗಮನಿಸದೇ ಬಿಡೋ ವಿಷ್ಯ ಒಂದಿದೆ. ಚರಂಡಿ ನೀರು ಅಥವಾ ಒಂದು ಉಪನದಿ ಬಂದು ಸೇರಿದ ತಕ್ಷಣ ಅದು ಹೊಳೆ ತುಂಬಾ ಹರಡಲ್ಲ, ಒಂದೇ ದಡಕ್ಕೆ ಅಂಟ್ಕೊಂಡು ತುಂಬಾ ದೂರ ಹಾಗೇ ಹರಿಯುತ್ತೆ. ನೀವು ಆಚೆ ದಡದಲ್ಲಿ ಸ್ಯಾಂಪಲ್ ತಗೊಂಡ್ರೆ ನೀರು ಚೆನ್ನಾಗಿದೆ ಅನ್ಸುತ್ತೆ, ಈಚೆ ದಡದಲ್ಲಿ ತಗೊಂಡ್ರೆ ಭಯ ಆಗುತ್ತೆ, ಎರಡೂ ಪೂರ್ತಿ ನಿಜ ಅಲ್ಲ. ಇದನ್ನ ಪರೀಕ್ಷೆ ಮಾಡೋದು ಸುಲಭ: ಒಂದು ಕಂಡಕ್ಟಿವಿಟಿ (ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅನ್ನೋ ಅಳತೆ) ಮೀಟರ್ ಹಿಡ್ಕೊಂಡು ಎಡ ದಡ, ನಡು, ಬಲ ದಡ ಮೂರೂ ಕಡೆ ಅಳೀರಿ, ಮೂರೂ ಹೆಚ್ಚುಕಮ್ಮಿ ಒಂದೇ ಬಂದ್ರೆ ನೀರು ಬೆರೆತಿದೆ ಅಂತ, ಬರ್ಲಿಲ್ಲ ಅಂದ್ರೆ ಇನ್ನೂ ಕೆಳಗೆ ಹೋಗಿ. ಈ ಪರೀಕ್ಷೆನ ನೀರು ಕಮ್ಮಿ ಇರೋ ಕಾಲದಲ್ಲಿ ಒಂದ್ಸಲ, ತುಂಬಿ ಹರಿಯೋ ಕಾಲದಲ್ಲಿ ಒಂದ್ಸಲ ಮಾಡಿ.

ಸೇತುವೆ ಇರೋ ಜಾಗ ಅನುಕೂಲ, ಹೊಳೆ ತುಂಬಿದಾಗ್ಲೂ ಮೇಲಿಂದ ಬಕೆಟ್ ಬಿಟ್ಟು ನೀರು ತೆಗೀಬಹುದು, ಆದ್ರೆ ನೀರು ಬರೋ ದಿಕ್ಕಿನ ಕಡೆಯಿಂದ ತೆಗೀರಿ, ಸೇತುವೆಯಿಂದ ಉದುರೋ ಧೂಳು ತುಕ್ಕು ಸ್ಯಾಂಪಲ್ಲಿಗೆ ಬೀಳಬಾರ್ದು. ಜಾಗ ಗೊತ್ತಾದ್ಮೇಲೆ ಜಿಪಿಎಸ್ ಪಾಯಿಂಟ್, ಫೋಟೋ, ಯಾವ ಬಂಡೆ ಯಾವ ಕಂಬದ ಎದುರು ಅನ್ನೋ ವಿವರಣೆ ಮೂರನ್ನೂ ಬರೆದಿಡಿ. ಎಷ್ಟು ಜಾಗ ಅಂತ ಕೇಳಿದ್ರೆ, ಇಪ್ಪತ್ತು ಜಾಗ ಒಂದು ವರ್ಷ ಅಳೆಯೋದಕ್ಕಿಂತ ನಾಲ್ಕು ಜಾಗ ಹತ್ತು ವರ್ಷ ಅಳೆಯೋದು ಎಷ್ಟೋ ಮೇಲು ಅನ್ನೋದು ನನ್ನ ಅಭಿಪ್ರಾಯ, ನಿಮ್ಮ ತಂಡದಲ್ಲಿ ಇಬ್ರು ಬರದೇ ಇದ್ದ ದಿನವೂ ಮುಗಿಸೋಕೆ ಆಗೋವಷ್ಟೇ ಜಾಗ ಇಟ್ಕೊಳ್ಳಿ.

ಹಂತ 3: ಏನು ಅಳೀಬೇಕು

ಸ್ಥಳದಲ್ಲೇ ಅಳೀಬೇಕಾದ್ದು ಐದು: ತಾಪಮಾನ, ಕರಗಿದ ಆಮ್ಲಜನಕ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನೋ ಅಳತೆ), ಕಂಡಕ್ಟಿವಿಟಿ, ಟರ್ಬಿಡಿಟಿ ಅಂದ್ರೆ ಕದಡು. ಬಾಟಲಿಯಲ್ಲಿ ತುಂಬ್ಕೊಂಡು ಹೋಗಿ ಆಮೇಲೆ ಅಳೆದ್ರೆ ಮೊದಲ ಮೂರು ಬದ್ಲಾಗಿರುತ್ತೆ.

ಕರಗಿದ ಆಮ್ಲಜನಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಮೀನು ಬದುಕೋದು ಸಾಯೋದು ಇದ್ರ ಮೇಲೇ, ಮತ್ತೆ ಇದನ್ನ ತಪ್ಪಾಗಿ ಓದೋದೂ ಸುಲಭ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ ಕರಗುತ್ತೆ. ಸಮುದ್ರ ಮಟ್ಟದಲ್ಲಿ ಶುದ್ಧ ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿಯುತ್ತೆ, 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಹಾಗಾಗಿ ಬೇಸಿಗೆಯಲ್ಲಿ 7 ಬಂತು ಅಂದ ತಕ್ಷಣ ಹೊಳೆ ಹಾಳಾಯ್ತು ಅನ್ನೋ ಹಾಗಿಲ್ಲ, ಮಿಲಿಗ್ರಾಂ ಜೊತೆ ಸ್ಯಾಚುರೇಶನ್ ಶೇಕಡಾವಾರನ್ನೂ (ಆ ತಾಪಮಾನದಲ್ಲಿ ನೀರು ಹಿಡಿಯೋದ್ರಲ್ಲಿ ಶೇಕಡಾ ಎಷ್ಟು ಇದೆ ಅನ್ನೋದು) ಬರ್ಕೊಳ್ಳಿ. ಇದಕ್ಕಿಂತ ದೊಡ್ಡ ವಿಷ್ಯ ಸಮಯದ್ದು. ಪಾಚಿ, ಜೊಂಡು ಇರೋ ನೀರಲ್ಲಿ ಹಗಲು ಪೂರ್ತಿ ಆಮ್ಲಜನಕ ಉತ್ಪತ್ತಿ ಆಗಿ ಮಧ್ಯಾಹ್ನದ ಹೊತ್ತಿಗೆ ಸ್ಯಾಚುರೇಶನ್ ನೂರು ದಾಟಿ ಹೋಗಬಹುದು, ರಾತ್ರಿಯೆಲ್ಲ ಎಲ್ಲ ಜೀವಿಗಳೂ ಉಸಿರಾಡಿ ಬೆಳಗಿನ ಜಾವಕ್ಕೆ ತಳ ಮುಟ್ಟುತ್ತೆ. ಮೀನು ಸತ್ತು ತೇಲೋದು ಹೆಚ್ಚಾಗಿ ಬೆಳಗ್ಗೆ ಕಾಣೋದು ಇದಕ್ಕೇ. ಈಗ ಯೋಚ್ನೆ ಮಾಡಿ, ಮೊದಲ ಎರಡು ವರ್ಷ ಬೆಳಗ್ಗೆ ಏಳಕ್ಕೆ ಹೋಗ್ತಿದ್ದೋರು ಮೂರನೇ ವರ್ಷದಿಂದ ಮಧ್ಯಾಹ್ನ ಮೂರಕ್ಕೆ ಹೋಗೋಕೆ ಶುರು ಮಾಡಿದ್ರೆ ಗ್ರಾಫಲ್ಲಿ ಹೊಳೆ ಸಕತ್ತಾಗಿ ಸುಧಾರಿಸಿದ ಹಾಗೆ ಕಾಣುತ್ತೆ, ಹೊಳೆಯಲ್ಲಿ ಮಾತ್ರ ಏನೂ ಬದ್ಲಾಗಿರಲ್ಲ. ಆದ್ದರಿಂದ ಪ್ರತಿ ಜಾಗಕ್ಕೂ ಒಂದು ಗಂಟೆ ನಿಗದಿ ಮಾಡಿ, ಹೆಚ್ಚೆಂದ್ರೆ ಅರ್ಧ ಗಂಟೆ ಆಚೀಚೆ, ಜಾಗಗಳ ಸರದಿಯನ್ನೂ ಬದ್ಲಾಯಿಸಬೇಡಿ.

ಕಂಡಕ್ಟಿವಿಟಿ ಅಂದ್ರೆ ನೀರಲ್ಲಿ ಕರಗಿರೋ ಲವಣಗಳ ಒಟ್ಟು ಸುಳಿವು, ಚರಂಡಿ ನೀರು ಸೇರಿದ್ರೆ ಮೊದ್ಲು ಏರೋದ್ರಲ್ಲಿ ಇದೂ ಒಂದು, ಮೀಟರ್ ಕೂಡ ಗಟ್ಟಿ, ಕೈ ಕೊಡೋದು ಕಮ್ಮಿ. ಆದ್ರೆ ತಾಪಮಾನ ಒಂದು ಡಿಗ್ರಿ ಏರಿದ್ರೆ ಇದು ಸುಮಾರು ಶೇಕಡಾ 2ರಷ್ಟು ಏರುತ್ತೆ, ಅದಕ್ಕೇ 25 ಡಿಗ್ರಿಗೆ ಸರಿಹೊಂದಿಸಿದ ಅಂಕಿನೇ ಬರೀಬೇಕು, ಮೀಟರಲ್ಲಿ ಆ ಸೆಟ್ಟಿಂಗ್ ಆನ್ ಇದ್ಯಾ ಅಂತ ನೋಡ್ಕೊಳ್ಳಿ. ಪಿಎಚ್ ಲಾಗರಿದಮ್ ಲೆಕ್ಕ, 8ರಿಂದ 7ಕ್ಕೆ ಇಳಿದ್ರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಆಯ್ತು ಅಂತ. ಕದಡಿಗೆ ಮೀಟರ್ ಇಲ್ಲ ಅಂದ್ರೆ ಟರ್ಬಿಡಿಟಿ ಟ್ಯೂಬ್ (ತಳದಲ್ಲಿ ಗುರುತು ಇರೋ ಉದ್ದ ಪಾರದರ್ಶಕ ಕೊಳವೆ) ಸಾಕು. ನಿಂತ ನೀರಾದ್ರೆ ಸೆಕಿ ತಟ್ಟೆ (ನೀರೊಳಗೆ ಇಳಿಸ್ತಾ ಎಷ್ಟು ಆಳದಲ್ಲಿ ಕಣ್ಮರೆ ಆಗುತ್ತೆ ಅಂತ ನೋಡೋದು), ಇಟಲಿಯ ಪಾದ್ರಿ ಮತ್ತೆ ಖಗೋಳ ವಿಜ್ಞಾನಿ ಏಂಜೆಲೊ ಸೆಕಿ 1865ರಲ್ಲಿ ಸಮುದ್ರದಲ್ಲಿ ಪ್ರಯೋಗ ಮಾಡಿದ ತಟ್ಟೆನೇ ಇವತ್ತಿಗೂ ಕೆರೆಗಳಲ್ಲಿ ಬಳಸ್ತಾರೆ, ಈಗ ಸಾಮಾನ್ಯವಾಗಿ 20 ಸೆಂಟಿಮೀಟರ್ ಅಗಲ, ಕಪ್ಪು ಬಿಳಿ ಕಾಲುಭಾಗಗಳು. ಇಷ್ಟು ಸರಳ ಸಾಧನದಲ್ಲಿ ಅಳೆದ ಹಳೇ ದಾಖಲೆಗಳನ್ನ ಇವತ್ತಿನ ಅಳತೆ ಜೊತೆ ಹೋಲಿಸೋಕೆ ಆಗುತ್ತೆ ಅನ್ನೋದು ನನಗೆ ತುಂಬಾ ಮೆಚ್ಚುಗೆ ಆಗೋ ವಿಷ್ಯ.

ಲ್ಯಾಬಿಗೆ ಕಳಿಸೋದ್ರಲ್ಲಿ ನೈಟ್ರೇಟ್, ಅಮೋನಿಯಾ, ಫಾಸ್ಫರಸ್, ಬಿಓಡಿ (ನೀರಲ್ಲಿರೋ ಕೊಳಕನ್ನ ಸೂಕ್ಷ್ಮಜೀವಿಗಳು ಕೊಳೆಸೋಕೆ ಖರ್ಚಾಗೋ ಆಮ್ಲಜನಕ), ಇ. ಕೋಲಿ (ಮಲ ಸೇರಿದ್ದನ್ನ ತೋರಿಸೋ ಬ್ಯಾಕ್ಟೀರಿಯಾ) ಇಷ್ಟು ಇದ್ರೆ ಹೆಚ್ಚಿನ ಪ್ರಶ್ನೆಗಳಿಗೆ ಸಾಕು. ಭಾರ ಲೋಹ, ಕೀಟನಾಶಕ ಇವೆಲ್ಲ ಖರ್ಚಿನ ಬಾಬ್ತು, ಮೇಲ್ಗಡೆ ಕಾರ್ಖಾನೆ ಗಣಿ ಇದ್ರೆ ಮಾತ್ರ ಸೇರಿಸಿ.

ಅಮೋನಿಯಾ ಅಂಕಿನ ಒಂಟಿಯಾಗಿ ಓದ್ಬೇಡಿ. ಮೀನಿಗೆ ವಿಷ ಆಗೋದು ಮುಖ್ಯವಾಗಿ ಅಯಾನು ಆಗದೇ ಉಳಿದ ಅಮೋನಿಯಾ, 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಅದು ಒಟ್ಟು ಅಮೋನಿಯಾದ ಶೇಕಡಾ 1ಕ್ಕಿಂತ ಕಮ್ಮಿ, ಪಿಎಚ್ 8ಕ್ಕೆ ಸುಮಾರು ಶೇಕಡಾ 5, ಪಿಎಚ್ 9ಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಂದ್ರೆ ಲ್ಯಾಬ್ ಅಂಕಿ ಒಂದೇ ಇದ್ರೂ ಅಪಾಯ ಒಂದೇ ಅಲ್ಲ, ಅದೇ ಹೊತ್ತಿನ ಪಿಎಚ್ ಮತ್ತು ತಾಪಮಾನ ಪಕ್ಕದಲ್ಲೇ ಇರ್ಬೇಕು.

ಹಂತ 4: ಹೊಳೆ ತಳದ ಹುಳಗಳನ್ನೂ ಎಣಿಸಿ

ತಿಂಗಳಿಗೊಂದು ಸಲ ಬಾಟಲಿ ತುಂಬೋರಿಗೆ ನಡುವಿನ 29 ದಿನ ಏನಾಯ್ತು ಗೊತ್ತಾಗಲ್ಲ. ರಾತ್ರೋರಾತ್ರಿ ಯಾರೋ ಒಂದು ಟ್ಯಾಂಕರ್ ವಿಷ ಸುರಿದು ಹೋದ್ರೆ ನೀವು ಹೋಗೋ ಹೊತ್ತಿಗೆ ಅದು ಕೆಳಗೆ ಹರಿದು ಹೋಗಿರುತ್ತೆ. ಆದ್ರೆ ಕಲ್ಲಿನ ಅಡಿಯಲ್ಲಿ ತಿಂಗಳುಗಟ್ಟಲೆ ಬದುಕೋ ಕೀಟದ ಮರಿಗಳು ಅಲ್ಲೇ ಇದ್ದು ಅನುಭವಿಸಿರುತ್ವೆ, ಅವು ಕಾಣೆಯಾಗಿದ್ರೆ ಏನೋ ನಡೆದಿದೆ ಅಂತ ಅರ್ಥ.

0.5 ಮಿಲಿಮೀಟರ್ ಕಣ್ಣಿನ ಬಲೆ ತಗೊಂಡು, ಹರಿಯೋ ನೀರಿಗೆ ಅಡ್ಡ ಹಿಡಿದು, ಬಲೆಗೆ ನೀರು ಬರೋ ಕಡೆಯ ತಳದ ಕಲ್ಲು ಮರಳನ್ನ ಕಾಲಲ್ಲಿ ಮೂರು ನಿಮಿಷ ಕದಡಿ, ಬಂದಿದ್ದನ್ನ ಬಿಳಿ ಟ್ರೇಗೆ ಸುರಿದು ನೋಡಿ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಈ ಮೂರು ಗುಂಪಿನ ಮರಿಗಳು ಒಳ್ಳೆ ನೀರಿನ ಗುರುತು, ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಕಮ್ಮಿ ಆದ್ರೆ ತಡ್ಕೊಳ್ಳೋಕೆ ಆಗಲ್ಲ. ಬರೀ ಕೆಂಪು ಹುಳ ಸಿಕ್ರೆ ಯೋಚ್ನೆ ಮಾಡ್ಬೇಕು, ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರೋದ್ರಿಂದ ಆಮ್ಲಜನಕ ತೀರಾ ಕಮ್ಮಿ ಇರೋ ಕೆಸರಲ್ಲೂ ಬದುಕ್ತವೆ. ಬ್ರಿಟನ್ನಲ್ಲಿ 1980ರ ಸುಮಾರಿಗೆ ಬಂದ ಬಿಎಂಡಬ್ಲ್ಯೂಪಿ ಅನ್ನೋ ಅಂಕ ಪದ್ಧತಿಯಲ್ಲಿ ಈ ಜೀವಿಗಳ ಪ್ರತಿ ಕುಟುಂಬಕ್ಕೂ (ಜೀವಶಾಸ್ತ್ರದ ಗುಂಪು) 1ರಿಂದ 10ರ ತನಕ ಅಂಕ ಇದೆ, ಒಳ್ಳೆ ನೀರೇ ಬೇಕಾದವಕ್ಕೆ ಜಾಸ್ತಿ ಅಂಕ, ಬೇರೆ ಬೇರೆ ದೇಶಗಳು ಅದನ್ನ ತಮ್ಮ ಹೊಳೆಗಳಿಗೆ ಹೊಂದಿಸ್ಕೊಂಡಿವೆ, ನಿಮ್ಮ ಪ್ರದೇಶಕ್ಕೆ ಹೊಂದೋ ಪಟ್ಟಿ ಬಳಸಿ. ವರ್ಷಕ್ಕೆ ಎರಡು ಸಲ ಮಾಡಿದ್ರೂ ಸಾಕು, ಆದ್ರೆ ಪ್ರತಿ ವರ್ಷ ಅದೇ ಎರಡು ತಿಂಗಳು. ಎಣಿಸಿ ಆದ್ಮೇಲೆ ವಾಪಸ್ ನೀರಿಗೇ ಬಿಡಿ.

ಹಂತ 5: ಎಷ್ಟು ಸಲ, ಯಾವಾಗ

ತಿಂಗಳಿಗೊಂದು ಸಲ, ಮೊದಲೇ ಗೊತ್ತು ಮಾಡಿದ ದಿನ. ಬಿಸಿಲಿದ್ದ ದಿನ ಹೋಗೋಣ, ಬಿಡುವಾದಾಗ ಹೋಗೋಣ ಅಂತ ಮಾಡಿದ್ರೆ ಮಳೆ ದಿನಗಳು ಡೇಟಾದಲ್ಲಿ ಬರೋದೇ ಇಲ್ಲ, ಹೊಲದ ಮಣ್ಣು ಗೊಬ್ಬರ ಎಲ್ಲ ಹೊಳೆಗೆ ಬರೋದು ಅವತ್ತೇ. ಅದೇ ರೀತಿ ನೀರು ಕೆಟ್ಟ ಬಣ್ಣ ಬಂದಾಗ ಮಾತ್ರ ಓಡಿ ಹೋಗಿ ತಗೊಂಡ್ರೆ ಡೇಟಾ ಇನ್ನೊಂದು ಕಡೆ ವಾಲುತ್ತೆ. ವಿಶೇಷ ಸ್ಯಾಂಪಲ್ ತಗೊಳ್ಳಬೇಡಿ ಅಂತಲ್ಲ, ತಗೊಳ್ಳಿ, ಆದ್ರೆ ಅದಕ್ಕೆ ಬೇರೆ ಗುರುತು ಹಾಕಿ, ಮಾಮೂಲಿ ಸರಣಿ ಜೊತೆ ಸೇರಿಸಬೇಡಿ. ದೊಡ್ಡ ಮಳೆ ಬಂದಾಗ ನೀರು ಏರ್ತಾ ಇರೋ ಹೊತ್ತಲ್ಲಿ ತಗೊಂಡಿದ್ದಕ್ಕೂ ಇಳಿಯೋವಾಗ ತಗೊಂಡಿದ್ದಕ್ಕೂ ಬಹಳ ವ್ಯತ್ಯಾಸ ಬರಬಹುದು, ಹಾಗಾಗಿ ಏರ್ತಿತ್ತಾ ಇಳೀತಿತ್ತಾ ಅಂತ ಬರೀದೇ ಇದ್ರೆ ಆ ಸ್ಯಾಂಪಲ್ ಅರ್ಧ ವ್ಯರ್ಥ.

ಹರಿವನ್ನೂ ಅಳೀರಿ, ಇದನ್ನ ಎಷ್ಟೋ ಜನ ಬಿಟ್ಟುಬಿಡ್ತಾರೆ, ನನಗೆ ಇದು ಎಲ್ಲಕ್ಕಿಂತ ದೊಡ್ಡ ಲೋಪ ಅನ್ಸುತ್ತೆ. ಒಂದು ಲೆಕ್ಕ ನೋಡಿ. ಬೇಸಿಗೆಯಲ್ಲಿ ಹೊಳೆ ಸೆಕೆಂಡಿಗೆ 0.5 ಘನ ಮೀಟರ್ ಹರಿಯುತ್ತೆ, ನೈಟ್ರೇಟ್ ಲೀಟರಿಗೆ 2 ಮಿಲಿಗ್ರಾಂ ಇದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 1 ಗ್ರಾಂ, ದಿನಕ್ಕೆ 86.4 ಕಿಲೋ. ಮಳೆ ಬಂದು ಹರಿವು 5 ಘನ ಮೀಟರ್ ಆಯ್ತು, ನೈಟ್ರೇಟ್ 1 ಮಿಲಿಗ್ರಾಂಗೆ ಇಳೀತು, ಅಂಕಿ ಅರ್ಧ ಆಯ್ತು ಅಂತ ಖುಷಿ ಪಡೋ ಹಾಗಿಲ್ಲ, ಹೊಳೆ ದಿನಕ್ಕೆ ಹೊತ್ತು ಸಾಗಿಸ್ತಿರೋದು 432 ಕಿಲೋ, ಐದು ಪಟ್ಟು. ಕೆಳಗೆ ಕೆರೆನೋ ಅಳಿವೆನೋ ಇದ್ರೆ ಅದಕ್ಕೆ ಮುಖ್ಯ ಈ ಒಟ್ಟು ಹೊರೆ.

ಹತ್ರದಲ್ಲಿ ಸರ್ಕಾರಿ ಹರಿವಿನ ಮಾಪನ ಕೇಂದ್ರ ಇದ್ರೆ ಅದರ ಅಂಕಿ ತಗೊಳ್ಳಿ. ಇಲ್ಲಾಂದ್ರೆ ನೇರವಾಗಿ ಹರಿಯೋ ಒಂದು ಭಾಗ ನೋಡ್ಕೊಂಡು, ಅಗಲ ಆಳ ಅಳೆದು ಅಡ್ಡಕೊಯ್ತದ ವಿಸ್ತೀರ್ಣ ತೆಗೆದು, ಒಂದು ಕಿತ್ತಳೆ ಹಣ್ಣೋ ಮರದ ತುಂಡೋ ತೇಲಿಬಿಟ್ಟು 10 ಮೀಟರ್ ಹೋಗೋಕೆ ಎಷ್ಟು ಸೆಕೆಂಡ್ ಆಯ್ತು ನೋಡಿ. ಮೇಲ್ಪದರ ಒಳಗಿನ ನೀರಿಗಿಂತ ಜೋರಾಗಿ ಹರಿಯೋದ್ರಿಂದ ಬಂದ ವೇಗನ ಸುಮಾರು 0.85ರಿಂದ ಗುಣಿಸ್ಬೇಕು. ಒರಟು ಲೆಕ್ಕ, ಆದ್ರೂ ಪ್ರತಿ ಸಲ ಅದೇ ಜಾಗದಲ್ಲಿ ಅದೇ ರೀತಿ ಮಾಡಿದ್ರೆ ಉಪಯೋಗ ಇದೆ. ಕಂಬಕ್ಕೆ ಒಂದು ಅಳತೆಪಟ್ಟಿ ಹೊಡೆದು ನೀರಿನ ಮಟ್ಟ ಓದೋದನ್ನಂತೂ ಮಾಡ್ಲೇಬೇಕು.

ಹಂತ 6: ಬಾಟಲಿ ತುಂಬೋದು

ನೀರು ಬರೋ ದಿಕ್ಕಿಗೆ ಮುಖ ಮಾಡಿ ನಿಲ್ಲಿ, ನಿಮ್ಮ ಕಾಲು ಎಬ್ಬಿಸಿದ ಕೆಸರು ಹಿಂದಕ್ಕೆ ಹೋಗ್ಬೇಕು. ದಡದಲ್ಲಿ ನಿಂತ ನೀರಲ್ಲಿ ಬೇಡ, ಮುಖ್ಯ ಹರಿವಲ್ಲಿ, ಬಾಟಲಿ ಬಾಯಿ ಕೆಳಗೆ ಮಾಡಿ ಮುಳುಗಿಸಿ, ಸುಮಾರು ಒಂದು ಅಡಿ ಕೆಳಗೆ ಅಥವಾ ನೀರು ಕಮ್ಮಿ ಇದ್ರೆ ಅರ್ಧ ಆಳದಲ್ಲಿ ತಿರುಗಿಸಿ ತುಂಬಿಸಿ. ಮಾಮೂಲಿ ಬಾಟಲಿನ ಅದೇ ಹೊಳೆ ನೀರಲ್ಲಿ ಮೂರು ಸಲ ಗಲಬರಿಸಿ, ಚೆಲ್ಲೋದು ನೀರು ಹರಿದು ಹೋಗೋ ಕಡೆಗೆ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಮತ್ತೆ ಒಳಗೆ ಮೊದಲೇ ಆಸಿಡ್ ಹಾಕಿರೋ ಬಾಟಲಿನ ಮಾತ್ರ ತೊಳೀಲೇಬಾರ್ದು, ಆಸಿಡ್ ಬಾಟಲಿನ ಹೊಳೆಗೆ ಮುಳುಗಿಸಲೂಬಾರ್ದು, ಬೇರೆ ಬಾಟಲಿಯಿಂದ ಸುರೀಬೇಕು. ಬ್ಯಾಕ್ಟೀರಿಯಾ ಬಾಟಲಿಯ ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದ ಹಾಗೆ ಹಿಡೀರಿ, ಕುತ್ತಿಗೆ ಹತ್ರ ಸ್ವಲ್ಪ ಖಾಲಿ ಬಿಡಿ. ಬಿಓಡಿ ಬಾಟಲಿಗೆ ಇದಕ್ಕೆ ವಿರುದ್ಧ, ಪೂರ್ತಿ ತುಂಬಿಸಿ, ಒಂದು ಗುಳ್ಳೆಯೂ ಉಳೀಬಾರ್ದು.

ಮನೇಲಿ ಬಾಟಲಿ ತೊಳೆಯೋರಿಗೆ ಒಂದು ಎಚ್ಚರಿಕೆ: ಫಾಸ್ಫೇಟ್ ಇರೋ ಸೋಪಿನ ಪುಡಿಯಲ್ಲಿ ತೊಳೆದ ಬಾಟಲಿಯಲ್ಲಿ ಫಾಸ್ಫರಸ್ ಅಳೆದ್ರೆ ಅಳೆದಿದ್ದು ಹೊಳೆಯದ್ದಾ ಸೋಪಿನದ್ದಾ ಅನ್ನೋ ಗೊಂದಲ ಪೂರ್ತಿ ಸರಣಿಗೆ ಅಂಟ್ಕೊಳ್ಳುತ್ತೆ. ಫಾಸ್ಫೇಟ್ ಇಲ್ಲದ್ದೇ ಬಳಸಿ, ಆಸಿಡಲ್ಲಿ ತೊಳೆದು ಡಿಸ್ಟಿಲ್ಡ್ ವಾಟರಲ್ಲಿ ಗಲಬರಿಸಿ.

ತುಂಬಿದ ಕೂಡ್ಲೇ ಐಸ್ ಡಬ್ಬಿಗೆ, ಕತ್ತಲಲ್ಲಿ, 4 ಡಿಗ್ರಿ ಆಸುಪಾಸು. ಇ. ಕೋಲಿ ಸ್ಯಾಂಪಲ್ 6 ಗಂಟೆ ಒಳಗೆ ಲ್ಯಾಬ್ ಸೇರ್ಬೇಕು, ಆಗಲ್ಲ ಅಂದ್ರೆ ಆ ದಾರಿ ಬಿಟ್ಟು ಬೇರೆ ಲ್ಯಾಬ್ ಹುಡುಕಿ. ನೈಟ್ರೇಟ್, ಬಿಓಡಿ ತಣ್ಣಗಿದ್ರೂ 48 ಗಂಟೆ ದಾಟಬಾರ್ದು. ಅಮೋನಿಯಾ, ಒಟ್ಟು ಫಾಸ್ಫರಸ್ ಸ್ಯಾಂಪಲ್ಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿದ್ರೆ 28 ದಿನ ಇರುತ್ತೆ. ಕರಗಿದ ಫಾಸ್ಫರಸ್ ಬೇಕಿದ್ರೆ 0.45 ಮೈಕ್ರಾನ್ ಫಿಲ್ಟರಲ್ಲಿ ಅಲ್ಲೇ ಸೋಸಿಬಿಡಿ.

ಬಿಓಡಿ ಫಲಿತಾಂಶ ಬರೋಕೆ ಐದು ದಿನ ಬೇಕು, ಸ್ಯಾಂಪಲ್ಲನ್ನ 20 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ಟು ಎಷ್ಟು ಆಮ್ಲಜನಕ ಖರ್ಚಾಯ್ತು ನೋಡ್ತಾರೆ. ಈ ಐದು ದಿನದ ಪದ್ಧತಿ ಬ್ರಿಟನ್ನಿನ ಒಳಚರಂಡಿ ಕುರಿತ ರಾಯಲ್ ಕಮಿಷನ್ನಿನ 1912ರ ವರದಿಯಿಂದ ಗಟ್ಟಿಯಾಯ್ತು.

ಹಂತ 7: ಮೀಟರನ್ನ ನಂಬೋಕೆ ಮುಂಚೆ ಪರೀಕ್ಷಿಸಿ

ಹೊರಡೋ ಬೆಳಗ್ಗೆ ಕ್ಯಾಲಿಬ್ರೇಶನ್ (ಅಂಕಿ ಮೊದಲೇ ಗೊತ್ತಿರೋ ದ್ರಾವಣದಲ್ಲಿ ಅದ್ದಿ ಮೀಟರನ್ನ ಸರಿಹೊಂದಿಸೋದು) ಮಾಡಿ, ವಾಪಸ್ ಬಂದ್ಮೇಲೆ ಅದೇ ದ್ರಾವಣದಲ್ಲಿ ಮತ್ತೆ ಅದ್ದಿ ನೋಡಿ, ಬೆಳಗ್ಗೆ ಸಂಜೆ ನಡುವೆ ಎಷ್ಟು ಜಾರಿದೆ ಅಂತ ಬರ್ಕೊಳ್ಳಿ. ಪಿಎಚ್‌ಗೆ ಮೊದ್ಲು 7ರ ಬಫರ್ (ಪಿಎಚ್ ಗೊತ್ತಿರೋ ದ್ರಾವಣ), ಆಮೇಲೆ ನಿಮ್ಮ ನೀರು ಆಮ್ಲದ ಕಡೆ ಇದ್ರೆ 4, ಕ್ಷಾರದ ಕಡೆ ಇದ್ರೆ 10. ಬಳಸಿದ ಬಫರನ್ನ ಬಾಟಲಿಗೆ ವಾಪಸ್ ಸುರೀಬೇಡಿ, ಎಕ್ಸ್‌ಪೈರಿ ದಿನಾಂಕ ನೋಡಿ. ಪಿಎಚ್ ಪ್ರೋಬನ್ನ ಡಿಸ್ಟಿಲ್ಡ್ ವಾಟರಲ್ಲಿ ನೆನೆಸಿಡೋ ಅಭ್ಯಾಸ ಕೆಲವರಿಗಿದೆ, ಅದ್ರಿಂದ ಪ್ರೋಬ್ ಬೇಗ ಹಾಳಾಗುತ್ತೆ, ಪೊಟಾಶಿಯಂ ಕ್ಲೋರೈಡ್ ಸ್ಟೋರೇಜ್ ದ್ರಾವಣದಲ್ಲೇ ಇಡಿ. ಕಂಡಕ್ಟಿವಿಟಿಗೆ 1413 ಮೈಕ್ರೋಸೀಮೆನ್ಸ್‌ನ ಸ್ಟ್ಯಾಂಡರ್ಡ್ ಸಿಗುತ್ತೆ, ನಿಮ್ಮ ಹೊಳೆ ಅಂಕಿ 100ರ ಹತ್ರ ಇದ್ರೆ ಅದಕ್ಕೆ ಹತ್ರದ ಇನ್ನೊಂದನ್ನೂ ತಗೊಳ್ಳಿ. ಆಮ್ಲಜನಕದ ಮೀಟರ್ ಬಗ್ಗೆ ಅನುಮಾನ ಬಂದ್ರೆ ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಕೊಟ್ಟ ಟೈಟ್ರೇಶನ್ ವಿಧಾನ ಇವತ್ತಿಗೂ ಒರೆಗಲ್ಲು, ವರ್ಷಕ್ಕೆ ಒಂದೆರಡು ಸಲ ಮೀಟರನ್ನ ಅದ್ರ ಜೊತೆ ತಾಳೆ ನೋಡಿ.

ಪ್ರತಿ ಹತ್ತು ಸ್ಯಾಂಪಲ್ಲಿಗೆ ಒಂದು ಜೋಡಿ ಸ್ಯಾಂಪಲ್ (ಅದೇ ಜಾಗದಲ್ಲಿ ಅದೇ ಹೊತ್ತಲ್ಲಿ ತುಂಬಿದ ಎರಡನೇ ಬಾಟಲಿ) ಮತ್ತೆ ಒಂದು ಬ್ಲ್ಯಾಂಕ್ ಇರ್ಲಿ. ಬ್ಲ್ಯಾಂಕ್ ಅಂದ್ರೆ ಡಿಸ್ಟಿಲ್ಡ್ ವಾಟರನ್ನ ಹೊಳೆ ಹತ್ರ ತಗೊಂಡೋಗಿ ಅಲ್ಲೇ ಬಾಟಲಿಗೆ ತುಂಬಿ, ಯಾವುದು ಅಂತ ಲ್ಯಾಬಿಗೆ ಹೇಳ್ದೇ ಉಳಿದವುಗಳ ಜೊತೆ ಕಳಿಸೋದು. ಅದರಲ್ಲಿ ಫಾಸ್ಫರಸ್ ಕಂಡ್ರೆ ಹೊಳೆ ಬಗ್ಗೆ ಮಾತಾಡೋಕೆ ಮುಂಚೆ ನಿಮ್ಮ ಬಾಟಲಿ, ಲ್ಯಾಬ್ ಎರಡನ್ನೂ ವಿಚಾರಿಸ್ಬೇಕು.

ಹಂತ 8: ಬರೆದಿಡೋದು

ಹತ್ತು ವರ್ಷ ಆದ್ಮೇಲೆ ನಿಮ್ಮನ್ನ ನೋಡೇ ಇಲ್ಲದ ಒಬ್ರು ಈ ಶೀಟ್ ತೆಗೆದು ಓದ್ತಾರೆ ಅಂದ್ಕೊಂಡು ಬರೀರಿ. ಜಾಗದ ಕೋಡ್, ದಿನಾಂಕ, ಗಂಟೆ, ಹೋದೋರು ಯಾರು, ಮೀಟರ್ ನಂಬರ್, ನೀರಿನ ಮಟ್ಟ, ಹಿಂದಿನ ಎರಡು ದಿನ ಮಳೆ ಇತ್ತಾ, ವಾಸನೆ ಬಣ್ಣ ನೊರೆ ಏನಾದ್ರೂ ಇತ್ತಾ. ದಿನಾಂಕನ 2025-03-09 ಅನ್ನೋ ಹಾಗೆ ವರ್ಷ, ತಿಂಗಳು, ದಿನ ಕ್ರಮದಲ್ಲೇ ಬರೀರಿ, 9-3ನಾ 3-9ನಾ ಅನ್ನೋ ಜಗಳ ಬರಲ್ಲ. ಫೀಲ್ಡ್ ಪುಸ್ತಕಕ್ಕೆ ಪೆನ್ಸಿಲ್ ಒಳ್ಳೇದು, ಒದ್ದೆಯಾದ್ರೂ ಅಳಿಸಲ್ಲ, ಆ ಪುಟದ ಫೋಟೋ ಅವತ್ತೇ ತೆಗೆದಿಡಿ.

ಯೂನಿಟ್ ವಿಷ್ಯದಲ್ಲಿ ಆಗೋ ಗೊಂದಲ ತುಂಬಾ ದೊಡ್ಡದು. ಒಂದೇ ನೀರನ್ನ ಒಂದು ಲ್ಯಾಬ್ ನೈಟ್ರೇಟ್ 44.3 ಅನ್ನುತ್ತೆ, ಇನ್ನೊಂದು 10 ಅನ್ನುತ್ತೆ, ಎರಡೂ ಸರಿ, ಯಾಕಂದ್ರೆ ಮೊದಲ್ನೇದು ಪೂರ್ತಿ ನೈಟ್ರೇಟಿನ ತೂಕ, ಎರಡನೇದು ಅದ್ರೊಳಗಿನ ನೈಟ್ರೋಜನ್ ತೂಕ, 4.43 ಪಟ್ಟು ವ್ಯತ್ಯಾಸ. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ 50 ಮಿಲಿಗ್ರಾಂ ಮಿತಿ ನೈಟ್ರೇಟ್ ಲೆಕ್ಕದಲ್ಲಿದೆ, ಅಮೆರಿಕದ 10 ಮಿಲಿಗ್ರಾಂ ಮಿತಿ ನೈಟ್ರೋಜನ್ ಲೆಕ್ಕದಲ್ಲಿದೆ, ಹಾಗಾಗಿ ಅವೆರಡು ನೋಡೋಕೆ ಕಾಣೋವಷ್ಟು ದೂರ ಇಲ್ಲ. ಫಾಸ್ಫೇಟಿಗೂ ಇದೇ ಕತೆ, ಅಲ್ಲಿ 3.07 ಪಟ್ಟು. ಕಾಲಂ ತಲೆಬರಹದಲ್ಲೇ ಯಾವ ಲೆಕ್ಕ ಅಂತ ಬರೆದುಬಿಡಿ.

ಲ್ಯಾಬ್ "ಪತ್ತೆಯಾಗಿಲ್ಲ" ಅಂತ ಕೊಟ್ರೆ ಸೊನ್ನೆ ಬರೀಬೇಡಿ, ಅವರ ಪತ್ತೆ ಮಿತಿ 0.05 ಆಗಿದ್ರೆ "0.05ಕ್ಕಿಂತ ಕಮ್ಮಿ" ಅಂತಲೇ ಬರೀರಿ. ಮುಂದೆ ಲ್ಯಾಬ್ ಹೊಸ ಯಂತ್ರ ತಂದು ಮಿತಿ 0.01ಕ್ಕೆ ಇಳಿದ್ರೆ, ಅದು ಗೊತ್ತಿಲ್ಲದೋರಿಗೆ ಹೊಳೆ ಬದ್ಲಾದ ಹಾಗೆ ಕಾಣುತ್ತೆ. ವಿಚಿತ್ರ ಅಂಕಿ ಬಂತು ಅಂತ ಅಳಿಸಲೂ ಬೇಡಿ, ಪಕ್ಕದಲ್ಲಿ ಅನುಮಾನದ ಗುರುತು ಹಾಕಿ, ಕಾರಣ ಬರೀರಿ, ಮೂಲ ಅಂಕಿ ಅಲ್ಲೇ ಇರ್ಲಿ.

ಮೀಟರ್, ಲ್ಯಾಬ್, ವಿಧಾನ ಬದ್ಲಾಯಿಸಲೇಬೇಕಾದ ದಿನ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಆಗ ಹಳೇದನ್ನ ತಟ್ಟನೆ ಬಿಡಬೇಡಿ, ಸಾಧ್ಯ ಆದ್ರೆ ಒಂದು ವರ್ಷ, ಕನಿಷ್ಠ ಒಂದು ಮಳೆಗಾಲ ಒಂದು ಬೇಸಿಗೆ ಎರಡನ್ನೂ ಒಟ್ಟಿಗೆ ನಡೆಸಿ, ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಇಡಿ.

ಹಂತ 9: ಅಂಕಿಗಳನ್ನ ಓದೋದು

ಮೊದಲ ಎರಡು ವರ್ಷದಲ್ಲಿ ಟ್ರೆಂಡ್ ಹುಡುಕಬೇಡಿ, ಅದರಲ್ಲಿ ಕಾಣೋದು ಹೆಚ್ಚಾಗಿ ಒಂದು ವರ್ಷ ಮಳೆ ಜಾಸ್ತಿ, ಒಂದು ವರ್ಷ ಕಮ್ಮಿ ಅನ್ನೋದೇ. ಐದು ವರ್ಷ ಆದ್ಮೇಲೆ ಏನಾದ್ರೂ ಹೇಳಬಹುದು, ಹತ್ತು ವರ್ಷ ಆದ್ರೆ ಗಟ್ಟಿಯಾಗಿ ಹೇಳಬಹುದು. ಹೋಲಿಸೋವಾಗ ಜನವರಿನ ಜನವರಿ ಜೊತೆ, ಜುಲೈನ ಜುಲೈ ಜೊತೆ ಹೋಲಿಸಿ, ಇದನ್ನೇ ಲೆಕ್ಕಾಚಾರದಲ್ಲಿ ಮಾಡೋ ಸೀಸನಲ್ ಕೆಂಡಾಲ್ ಪರೀಕ್ಷೆನ 1982ರಲ್ಲಿ ರಾಬರ್ಟ್ ಹಿರ್ಶ್ ಮತ್ತೆ ಜೊತೆಗಾರರು ನೀರಿನ ಡೇಟಾಗೆ ಅಂತಲೇ ಪ್ರಕಟಿಸಿದ್ರು, ಈಗ ಉಚಿತ ಸಾಫ್ಟ್‌ವೇರಲ್ಲೇ ಸಿಗುತ್ತೆ. ಬ್ಯಾಕ್ಟೀರಿಯಾ ಅಂಕಿಗೆ ಮಾಮೂಲಿ ಸರಾಸರಿ ಬೇಡ, ಒಂದು ದಿನ 20,000 ಬಂದ್ರೆ ಅದೊಂದೇ ಎಲ್ಲನೂ ಎಳ್ಕೊಂಡು ಹೋಗುತ್ತೆ, ಜಿಯೋಮೆಟ್ರಿಕ್ ಸರಾಸರಿ (ಅಂಕಿಗಳ ಲಾಗರಿದಮ್ಮಿನ ಸರಾಸರಿ ತೆಗೆದು ವಾಪಸ್ ಅಂಕಿಗೆ ತರೋದು) ತೆಗೀರಿ, ಸ್ನಾನ ಈಜಿನ ನೀರಿಗೆ ಅಮೆರಿಕದ ಪರಿಸರ ಸಂಸ್ಥೆ 2012ರಲ್ಲಿ ಶಿಫಾರಸು ಮಾಡಿದ 100 ಮಿಲಿಲೀಟರಿಗೆ 126 ಇ. ಕೋಲಿ ಅನ್ನೋದೂ ಇದೇ ಲೆಕ್ಕದ್ದು. ಆದ್ರೆ ಆ 20,000 ಬಂದ ದಿನನ ಸರಾಸರಿ ಒಳಗೆ ಮುಚ್ಚಿಹಾಕಬೇಡಿ, ಅವತ್ತು ನೀರಿಗೆ ಇಳಿದೋರಿಗೆ ಸರಾಸರಿಯಿಂದ ಏನೂ ಉಪಯೋಗ ಇಲ್ಲ, ಅಂಥ ಅಂಕಿ ಬಂದ ಕೂಡ್ಲೇ ತಿಳಿಸ್ಬೇಕಾದೋರಿಗೆ ತಿಳಿಸಿ.

ಸುರಕ್ಷತೆ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಇದು ಮಾತ್ರ ರಾಜಿ ಇಲ್ಲದ್ದು. ಒಬ್ರೇ ಹೋಗ್ಬೇಡಿ. ಹರಿಯೋ ನೀರು ಮೊಣಕಾಲು ದಾಟಿದ್ರೆ ಇಳೀಬೇಡಿ, ತುಂಬಿದ ಹೊಳೆಗಂತೂ ಇಳೀಲೇಬೇಡಿ, ಸೇತುವೆಯಿಂದ ತೆಗೆಯೋಕಾಗದಿದ್ರೆ "ಪ್ರವಾಹ, ಸ್ಯಾಂಪಲ್ ತೆಗೆದಿಲ್ಲ" ಅಂತ ಬರೆದು ವಾಪಸ್ ಬನ್ನಿ, ಆ ಸಾಲು ಕೂಡ ಡೇಟಾನೇ. ಕೈಗೆ ಗ್ಲೌಸ್ ಇರ್ಲಿ, ಗಾಯ ಇದ್ರೆ ಮುಚ್ಕೊಳ್ಳಿ, ಇಲಿ ಮೂತ್ರ ಸೇರಿದ ನೀರಿಂದ ಲೆಪ್ಟೋಸ್ಪೈರೋಸಿಸ್ ಬರಬಹುದು, ನೀರಿಗೆ ಇಳಿದ ಕೆಲವು ದಿನದಲ್ಲೋ ಕೆಲವು ವಾರದಲ್ಲೋ ಜ್ವರ ಬಂದ್ರೆ ಡಾಕ್ಟರಿಗೆ ಹೊಳೆಗೆ ಇಳಿದಿದ್ದೆ ಅಂತ ಹೇಳಿ.

ಹಂತ 10: ಜನ ಬದ್ಲಾದ್ರೂ ಕೆಲಸ ನಿಲ್ಲದ ಹಾಗೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್ ಕಾಡಲ್ಲಿ 1963ರಲ್ಲಿ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮತ್ತೆ ಜೊತೆಗಾರರು ಚಿಕ್ಕ ಹಳ್ಳಗಳ ನೀರು, ಮಳೆ ನೀರು ಎರಡನ್ನೂ ಅಳೆಯೋಕೆ ಶುರು ಮಾಡಿದ್ರು. ಕಾಡಿನ ಪೋಷಕಾಂಶಗಳ ಲೆಕ್ಕ ತೆಗೆಯೋದು ಅವರ ಉದ್ದೇಶ, ಆದ್ರೆ ಆ ಡೇಟಾದಲ್ಲೇ ಆಮ್ಲ ಮಳೆಯ ಗುರುತು ಸಿಕ್ತು, 1990ರಲ್ಲಿ ಅಮೆರಿಕ ಗಾಳಿ ಮಾಲಿನ್ಯದ ಕಾನೂನು ಬಿಗಿ ಮಾಡಿದಾಗ ಇಂಥ ದೀರ್ಘ ದಾಖಲೆಗಳ ಬೆಂಬಲ ಇತ್ತು. ಆ ಅಳತೆ ಈಗ್ಲೂ ನಡೀತಿದೆ, ಬೇರೆ ತಲೆಮಾರಿನೋರು ನಡೆಸ್ತಿದ್ದಾರೆ.

ನಿಮ್ಮಲ್ಲೂ ಹಾಗಾಗ್ಬೇಕು ಅಂದ್ರೆ ಶುರುವಿಂದಲೇ ಒಂದು ವಿಧಾನದ ಪುಸ್ತಕ ಬರೀರಿ, ಮೇಲೆ ಹೇಳಿದ ಪ್ರತಿ ಕೆಲಸ ನಿಮ್ಮ ಜಾಗದಲ್ಲಿ ಯಾವ ಕ್ರಮದಲ್ಲಿ ಮಾಡ್ತೀರಿ ಅಂತ, ಫೋಟೋ ಸಮೇತ. ಪ್ರತಿ ಕೆಲಸಕ್ಕೂ ಕನಿಷ್ಠ ಇಬ್ರಿಗೆ ತರಬೇತಿ ಇರ್ಲಿ. ಹೊಸಬರು ಬಂದಾಗ ಹಳಬರ ಜೊತೆ ಒಂದೇ ಜಾಗದಲ್ಲಿ ಇಬ್ರೂ ಬೇರೆ ಬೇರೆಯಾಗಿ ಅಳೀಲಿ, ಅಂಕಿ ತಾಳೆ ಆದ್ಮೇಲೆ ಅವರನ್ನ ಸ್ವತಂತ್ರವಾಗಿ ಕಳಿಸಿ. ಡೇಟಾದ ಪ್ರತಿ ಮೂರು ಕಡೆ ಇರ್ಲಿ, ಒಂದು ಬೇರೆ ಕಟ್ಟಡದಲ್ಲಿ, ಸರಳ ಸಿಎಸ್‌ವಿ ಫೈಲ್ ಆಗಿ, ಯಾವುದೋ ಆ್ಯಪ್ ನಿಂತುಹೋದ್ರೂ ತೆರೆಯೋಕೆ ಬರ್ಬೇಕು. ವರ್ಷಕ್ಕೊಂದು ಸಲ ಎಲ್ಲರೂ ಕೂತು ಶೀಟ್ ಪೂರ್ತಿ ನೋಡಿ, ಮೊದಲ ದಿನ ಬರೆದ ಪ್ರಶ್ನೆ ಪಕ್ಕದಲ್ಲಿಟ್ಕೊಂಡು. ದುಡ್ಡು ಕಮ್ಮಿ ಆಗಿ ಏನಾದ್ರೂ ಕೈಬಿಡ್ಲೇಬೇಕು ಅಂದ್ರೆ ಮೊದ್ಲು ದುಬಾರಿ ಲ್ಯಾಬ್ ಟೆಸ್ಟುಗಳ ಸಂಖ್ಯೆ ಕಮ್ಮಿ ಮಾಡಿ, ಆಮೇಲೆ ಒಂದು ಜಾಗ ಬಿಡಿ, ಕೊನೆಗೂ ಉಳಿಸ್ಕೊಳ್ಳಬೇಕಾದ್ದು ಮೇಲಿನ ಒಂದು ಜಾಗ, ಕೆಳಗಿನ ಒಂದು ಜಾಗ, ನೀರಿನ ಮಟ್ಟ, ಮತ್ತೆ ಆ ಐದು ಫೀಲ್ಡ್ ಅಳತೆ, ತಿಂಗಳು ತಪ್ಪದ ಹಾಗೆ.